ಕೆಸರಿನ ದಾರಿಗೆ ಎಷ್ಟು ಎತ್ತರದ ಜೀಪು?

ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ಥಾರ್ ತಗೊಂಡಿದೀನಿ. ಮಳೆಗಾಲ ಬಂದ್ರೆ ತೋಟದ ದಾರೀಲಿ ಅಡಿ ತಾಗುತ್ತೆ. ಹೂತುಹೋಗಿ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದೂ ಆಯ್ತು. ಎರಡಿಂಚು ಲಿಫ್ಟ್ ಮಾಡ್ಸಿ ಅಗಲದ ಟಯರ್ ಹಾಕ್ಸು ಅಂತ ಸ್ನೇಹಿತರು ಹೇಳ್ತಿದಾರೆ. ಹಾಕಿಸ್ಲಾ? ಯಾವ ಸೈಜು?”

ಶಿಕಾರಿಪುರ, ಶಿರಾಳಕೊಪ್ಪದ ಕಡೆಯವರೂ ಇದನ್ನೇ ಕೇಳುತ್ತಾರೆ. ಲಿಫ್ಟ್ ಕಿಟ್ ಮಾರುವವರ ವೀಡಿಯೊಗಳಲ್ಲಿ ಗಾಡಿ ಬಂಡೆ ಹತ್ತುತ್ತದೆ, ಮರಳುದಿಣ್ಣೆ ಇಳಿಯುತ್ತದೆ. ನಮ್ಮ ಅಡಿಕೆ ತೋಟದ ದಾರಿಯಲ್ಲಿ ಬಂಡೆಯೂ ಇಲ್ಲ, ಮರಳೂ ಇಲ್ಲ. ಇಲ್ಲಿರುವ ಮಣ್ಣನ್ನು ನೋಡಿ ಲೆಕ್ಕ ಹಾಕಿದರೆ ಉತ್ತರ ಬೇರೆ ಬರುತ್ತದೆ, ಖರ್ಚೂ ಬಹಳ ಕಡಿಮೆಯಾಗುತ್ತದೆ.

ಮೊದಲು ನೋಡಬೇಕಾದದ್ದು ತಾಗುತ್ತಿರುವುದು ಯಾವುದು ಎಂದು. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅಡಿಗೆ ಇಣುಕಿ. ಎರಡು ಹಿಂಗಾಲಿಗಳನ್ನು ಸೇರಿಸುವ ಆಕ್ಸಲಿನ ನಡುವೆ ಡಿಫರೆನ್ಷಿಯಲ್‌ನ ಉಬ್ಬು ಕಾಣುತ್ತದೆ. ಅದರ ತಳದಲ್ಲಿ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಕೆಮ್ಮಣ್ಣಿನ ಜೊತೆ ಹುಲ್ಲಿನ ಬೇರು ಸಿಕ್ಕಿಕೊಂಡಿದ್ದರೆ, ತಾಗಿದ್ದು ಅದೇ. ತೋಟದ ದಾರಿಯನ್ನು ಮಳೆಗಾಲದಲ್ಲಿ ತುಳಿಯುವುದು ಟ್ರ್ಯಾಕ್ಟರು. ಅದರ ಹಿಂಗಾಲಿ 13.6-28 ಸೈಜಿನದಾದರೆ ಎತ್ತರ ಸುಮಾರು 1.3 ಮೀಟರ್. ಅದು ಕೊರೆದ ಎರಡು ಜಾಡುಗಳಲ್ಲಿ ನಮ್ಮ ಗಾಡಿಯ ಗಾಲಿ ಇಳಿಯುತ್ತದೆ, ನಡುವೆ ಉಳಿದ ಹುಲ್ಲುದಿಬ್ಬಕ್ಕೆ ಡಿಫರೆನ್ಷಿಯಲ್ ಒರೆಯುತ್ತದೆ.

ಲಿಫ್ಟ್ ಇಲ್ಲಿ ಏನೂ ಮಾಡುವುದಿಲ್ಲ. ಉದ್ದದ ಸ್ಪ್ರಿಂಗ್ ಹಾಕಿದರೆ ಏಳುವುದು ಸ್ಪ್ರಿಂಗಿನ ಮೇಲಿರುವ ಚಾಸಿ, ಬಾಡಿ, ಟ್ಯಾಂಕು. ಥಾರ್‌ನ ಹಿಂದಿನ ಗಟ್ಟಿ ಆಕ್ಸಲ್ ಸ್ಪ್ರಿಂಗಿನ ಕೆಳಗಿದೆ. ಅದು ಗಾಲಿಯ ಗುಂಬಕ್ಕೆ ಕಟ್ಟಿಹಾಕಿದಂತೆ ಇರುವುದರಿಂದ, ಎರಡಿಂಚು ಲಿಫ್ಟ್ ಮಾಡಿದರೂ ನಾಲ್ಕಿಂಚು ಮಾಡಿದರೂ ಡಿಫರೆನ್ಷಿಯಲ್ ನೆಲದಿಂದ ಮೊದಲಿದ್ದಷ್ಟೇ ದೂರದಲ್ಲಿ ಉಳಿಯುತ್ತದೆ. ಬೊಲೆರೊದ ಹಿಂಬದಿಗೂ ಇದೇ ಮಾತು. ಜಿಮ್ನಿಯಲ್ಲಂತೂ ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್‌ಗಳೇ. ಆಕ್ಸಲನ್ನು ಎತ್ತಬಲ್ಲದ್ದು ಟಯರು, ಅದೂ ಹೆಚ್ಚಾದ ವ್ಯಾಸದ ಅರ್ಧದಷ್ಟು ಮಾತ್ರ.

ಲೆಕ್ಕ ಮಾಡಿ ನೋಡೋಣ. 2020ರ ಥಾರ್‌ನ ಮೇಲ್ದರ್ಜೆಗೆ ಬರುವ 255/65 ಆರ್18 ಟಯರಿನ ವ್ಯಾಸ 789 ಮಿ.ಮೀ. ಕೆಳದರ್ಜೆಗೆ ಕೊಟ್ಟ 245/75 ಆರ್16ರದ್ದು 774. ಅಂಗಡಿಯವರು ತೋರಿಸುವ 265/75 ಆರ್16 ಹಾಕಿದರೆ 804. ಕೆಳದರ್ಜೆಯ ಗಾಡಿಗೆ ಈ ದೊಡ್ಡ ಟಯರ್ ಹಾಕಿದರೂ ಆಕ್ಸಲ್ ಮೇಲೇಳುವುದು 15 ಮಿ.ಮೀ., ಅಂದರೆ ಒಂದು ಬೆರಳಗಲ. ಇನ್ನೊಂದು ಅಂಕಿಯೂ ಇಲ್ಲಿ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ನೆಲದಂತರ 222 ಮಿ.ಮೀ. ಈಗಿನ ಥಾರ್‌ನದು ಕಂಪನಿಯ ಲೆಕ್ಕದಲ್ಲಿ 226. ಮಲೆನಾಡಿನ ಮಣ್ಣುದಾರಿಗಳಲ್ಲಿ ದಶಕಗಟ್ಟಲೆ ಅಡಿಕೆ, ಭತ್ತ, ಬಾಣಂತಿ, ಪೆಂಡಾಲು ಎಲ್ಲವನ್ನೂ ಹೊತ್ತದ್ದು ಆ ವಿಲ್ಲಿಸ್‌ನ ವಂಶದ ಜೀಪುಗಳೇ. ಯುದ್ಧಕಾಲದ ಜೀಪಿನ ಟಯರಿನ ಅಗಲ ಆರೇ ಇಂಚು: 6.00-16. ಇಂದಿನ ಕಣ್ಣಿಗೆ ಬಡಕಲಾಗಿ ಕಾಣುವ ಆ ಟಯರು ಕೆಸರಿನಲ್ಲಿ ಅಷ್ಟು ಚೆನ್ನಾಗಿ ನಡೆದದ್ದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಲಿಫ್ಟಿನಿಂದ ಉಪಯೋಗವೇ ಇಲ್ಲವೆಂದಲ್ಲ. ಗದ್ದೆಯ ಬದು ದಾಟುವಾಗ ಬದುವಿನ ನೆತ್ತಿ ಮುಂಗಾಲಿ ಹಿಂಗಾಲಿಗಳ ನಡುವೆ ಗಾಡಿಯ ಹೊಟ್ಟೆಗೆ ಕೂರುತ್ತದೆ. ಅಲ್ಲಿ ಚಾಸಿ ಎತ್ತರವಿದ್ದರೆ ಅನುಕೂಲ. ಆದರೆ ಅಲ್ಲೂ ಎರಡು ಗಾಲಿಗಳ ನಡುವಿನ ಉದ್ದ ದೊಡ್ಡ ಪಾತ್ರ ವಹಿಸುತ್ತದೆ. ಮೂರು ಬಾಗಿಲಿನ ಥಾರ್‌ನಲ್ಲಿ ಅದು 2,450 ಮಿ.ಮೀ., ಐದು ಬಾಗಿಲಿನ ರಾಕ್ಸ್‌ನಲ್ಲಿ 2,850. ಚಿಕ್ಕ ಗಾಡಿ ಲಿಫ್ಟಿಲ್ಲದೆ ದಾಟುವ ಬದುವಿನ ಮೇಲೆ ಉದ್ದದ ಗಾಡಿ ಹೊಟ್ಟೆ ಊರಿ ಕೂರಬಹುದು.

ಲಿಫ್ಟಿಗೆ ತೆರಬೇಕಾದ ಬೆಲೆ ಮಾತ್ರ ಚಿಕ್ಕದಲ್ಲ. ಗುರುತ್ವಕೇಂದ್ರ ನೆಲದಿಂದ 700 ಮಿ.ಮೀ. ಮೇಲಿದೆ, ಎಡ ಬಲ ಗಾಲಿಗಳ ನಡುವೆ 1,520 ಮಿ.ಮೀ. ಅಂತರವಿದೆ ಎಂದಿಟ್ಟುಕೊಂಡರೆ, ನಿಂತ ಗಾಡಿ ಓರೆ ನೆಲದಲ್ಲಿ ಪಕ್ಕಕ್ಕೆ ಮಗುಚುವುದು ಸುಮಾರು 47 ಡಿಗ್ರಿಯಲ್ಲಿ. ಲಿಫ್ಟು, ಟಯರು ಸೇರಿ ಕೇಂದ್ರ 755ಕ್ಕೆ ಏರಿದರೆ 45 ಡಿಗ್ರಿ. ಕಾಗದದ ಮೇಲೆ ಇದು ಎರಡೇ ಡಿಗ್ರಿ. ಡಾಂಬರು ರಸ್ತೆಯ ತಿರುವಿನಲ್ಲಿ ಮಗುಚದೆ ತಾಳಿಕೊಳ್ಳುವ ಶಕ್ತಿ ಮಾತ್ರ ಶೇಕಡಾ 7ರಷ್ಟು ಇಳಿದಿರುತ್ತದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದೇ ಎಂಬುದನ್ನು ಮರೆಯಬಾರದು. ಜೊತೆಗೆ ಥಾರ್‌ನ ಮುಂಗಾಲಿಗಳು ಬಿಡಿಬಿಡಿಯಾಗಿ ಏರಿಳಿಯುವಂಥವು. ಲಿಫ್ಟ್ ಮಾಡಿದಾಗ ಅವುಗಳಿಗೆ ಶಕ್ತಿ ಒಯ್ಯುವ ಶಾಫ್ಟುಗಳು ಸದಾ ಬಾಗಿದ ಕೋನದಲ್ಲೇ ತಿರುಗುತ್ತವೆ. ಕೀಲಿನ ರಬ್ಬರ್ ಬೂಟು ಬೇಗ ಹರಿಯುತ್ತದೆ, ಗ್ರೀಸು ಸೋರುತ್ತದೆ, ಆ ಜಾಗಕ್ಕೆ ಕೆಸರು ನುಗ್ಗುತ್ತದೆ.

ಇನ್ನು ಹೂಳುವ ವಿಷಯ. ತೋಟದ ದಾರಿಯಲ್ಲಿ ಅಡಿ ತಾಗುವುದಕ್ಕೂ ಮೂಲ ಇದೇ. ಗಾಲಿ ಇಳಿಯದಿದ್ದರೆ ಹೊಟ್ಟೆ ತಾಗುವ ಪ್ರಶ್ನೆಯೇ ಏಳುವುದಿಲ್ಲ.

ಗಾಳಿ ತುಂಬಿದ ಟಯರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಜನ, ಸಾಮಾನು ಸೇರಿ ಗಾಡಿ 1,800 ಕೆ.ಜಿ. ಇದೆ ಎನ್ನಿ, ಒಂದೊಂದು ಗಾಲಿಗೆ 450. ಗಾಳಿ 32 ಪಿಎಸ್‌ಐ ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ 2.25 ಕೆ.ಜಿ., ಟಯರು ನೆಲಕ್ಕೆ ಊರುವ ಜಾಗ ಸುಮಾರು 200 ಚದರ ಸೆಂ.ಮೀ. ಗಾಳಿ ಇಳಿಸಿ 18ಕ್ಕೆ ತಂದರೆ ಅದೇ ಟಯರು 355 ಚದರ ಸೆಂ.ಮೀ. ಊರುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಮುಕ್ಕಾಲು ಪಾಲಿನಷ್ಟು ಹೆಚ್ಚು ಆಸರೆ! ಅಗಲದ ಟಯರು ತಂದು ಅದರಲ್ಲಿ 32 ಪಿಎಸ್‌ಐ ತುಂಬಿಸಿದರೆ ಊರುವ ಜಾಗ ಮತ್ತೆ ಅದೇ 200ರ ಆಸುಪಾಸಿನಲ್ಲೇ ಇರುತ್ತದೆ. ಜಾಗದ ಆಕಾರ ಬದಲಾಗುತ್ತದೆ, ಅಷ್ಟೆ: ಅಗಲ ಹೆಚ್ಚಿ ಉದ್ದ ಕುಗ್ಗುತ್ತದೆ.

ಆ ಆಕಾರಕ್ಕೆ ಎಷ್ಟು ಬೆಲೆಯಿದೆ ಎಂದು ಗಣಿತದಲ್ಲಿ ತೋರಿಸಿದ ಮನುಷ್ಯನ ಕಥೆ ನನಗೆ ಬಹಳ ಇಷ್ಟ. ಮಿಯೆಚಿಸ್ವಾವ್ ಬೆಕ್ಕರ್ ಪೋಲೆಂಡಿನ ಎಂಜಿನಿಯರ್. ಹುಟ್ಟಿದ್ದು 1905ರಲ್ಲಿ. ಮಹಾಯುದ್ಧದಲ್ಲಿ ದೇಶ ಬಿಟ್ಟು ಕೆನಡಾ ಸೇರಿ, ಅಲ್ಲಿಂದ ಅಮೆರಿಕಕ್ಕೆ ಹೋದವನು. ವಿಮಾನಕ್ಕೆ ಗಾಳಿಯ ಶಾಸ್ತ್ರವಿದೆ, ಹಡಗಿಗೆ ನೀರಿನ ಶಾಸ್ತ್ರವಿದೆ, ರಸ್ತೆಯಿಲ್ಲದ ನೆಲದಲ್ಲಿ ಓಡುವ ಗಾಡಿಗೆ ಮಣ್ಣಿನ ಶಾಸ್ತ್ರ ಏಕಿಲ್ಲ ಎಂಬುದು ಅವನ ಹಟ. ತಟ್ಟೆಗಳನ್ನು ಮಣ್ಣಿಗೆ ಒತ್ತಿ, ಎಷ್ಟು ಒತ್ತಿದರೆ ಎಷ್ಟು ಇಳಿಯುತ್ತದೆ ಎಂದು ಅಳೆದು ಸೂತ್ರ ಕಟ್ಟಿದ. 1956ರಲ್ಲಿ ಅವನ ದೊಡ್ಡ ಪುಸ್ತಕ ಬಂತು. ಗಾಲಿ ಮುಂದೆ ಸಾಗಲು ಮಣ್ಣನ್ನು ಅದುಮುತ್ತಾ ಹೋಗಬೇಕಲ್ಲ, ಆ ಅದುಮುವ ಕೆಲಸವೇ ಗಾಡಿಯನ್ನು ಹಿಡಿದು ನಿಲ್ಲಿಸುವ ತಡೆ. ಇಳಿದಷ್ಟೂ ಅದೇ ಪ್ರಮಾಣದಲ್ಲಿ ಗಟ್ಟಿಯಾಗುವ ಮಣ್ಣಿನಲ್ಲಿ ಗಾಲಿಯ ಅಗಲವನ್ನು ಇಮ್ಮಡಿ ಮಾಡಿದರೆ ಈ ತಡೆ ಶೇಕಡಾ 79ಕ್ಕೆ ಇಳಿಯುತ್ತದೆ ಎನ್ನುತ್ತದೆ ಬೆಕ್ಕರನ ಸೂತ್ರ. ಅಗಲ ಬಿಟ್ಟು ವ್ಯಾಸವನ್ನು ಇಮ್ಮಡಿ ಮಾಡಿದರೆ ಶೇಕಡಾ 63ಕ್ಕೆ. ಎತ್ತರದ ಗಾಲಿ ಅಗಲದ ಗಾಲಿಗಿಂತ ಮೇಲು.

ನಮ್ಮ ಎತ್ತಿನ ಗಾಡಿಯ ಮರದ ಗಾಲಿ ಎದೆಮಟ್ಟ ಎತ್ತರ, ಮೂರು ಬೆರಳಗಲ ಇದ್ದದ್ದು ಇದೇ ಸೂತ್ರಕ್ಕೆ ಸರಿಯಾಗಿ ಹೊಂದುತ್ತದೆ. ಮುಂದೆ ಟಯರ್ ಗಾಡಿ ಬಂತು. ಡಾಂಬರಿನ ಮೇಲೆ ಎತ್ತುಗಳಿಗೆ ಅದು ಹಗುರ. ಆದರೆ ಗಾಲಿ ಗಿಡ್ಡವಾದ್ದರಿಂದ ಹಸಿ ಗದ್ದೆಯಿಂದ ಹೊರೆ ಹೊರಡಿಸುವಾಗ ಹಳೆಯ ಮರದ ಗಾಲಿಯನ್ನೇ ನೆನೆಯುವ ರೈತರಿದ್ದರು.

ಬೆಕ್ಕರನ ಮಣ್ಣಿನ ಶಾಸ್ತ್ರ ಕೊನೆಗೆ ಹೋಗಿ ನಿಂತದ್ದು ಚಂದ್ರನ ಮೇಲೆ. 1971ರ ಜುಲೈನಲ್ಲಿ ಅಪೊಲೊ 15ರ ಯಾತ್ರಿಗಳು ಓಡಿಸಿದ ರೋವರ್‌ನ ಗಾಲಿಗಳ ಹಿಂದೆ ಬೆಕ್ಕರ್ ಮತ್ತು ಹಂಗೆರಿಯ ಫೆರೆಂಕ್ ಪಾವ್ಲಿಚ್ ಇದ್ದರು. ಉಕ್ಕಿನ ತಂತಿಯ ಬಲೆ ಹೆಣೆದು ಮಾಡಿದ ಗಾಲಿ. ಗಾಳಿಯಿಲ್ಲದೆಯೇ ನೆಲಕ್ಕೆ ಮೆತ್ತಗೆ ಊರಿಕೊಳ್ಳುವಂಥದ್ದು. ಅದರ ವ್ಯಾಸ 81.8 ಸೆಂ.ಮೀ., ಅಂದರೆ 32 ಇಂಚು. ನಮ್ಮ ಹುಡುಗರು ಆಸೆಪಡುವ ಸೈಜೇ! ಅಗಲ ಮಾತ್ರ 23 ಸೆಂ.ಮೀ.

ಈಗ ಮಣ್ಣಿಗೆ ಬರೋಣ. ಸೊರಬದ ಮೇಲುನೆಲದಲ್ಲಿ, ಚಂದ್ರಗುತ್ತಿಯ ಸುತ್ತ, ಅಡಿಯಲ್ಲಿರುವುದು ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಕಲ್ಲಿದು. ಮಳೆಯಲ್ಲಿ ಅದರ ಮೇಲಿನ ನಾಲ್ಕಾರು ಇಂಚು ಮಣ್ಣು ರಾಡಿಯಾಗುತ್ತದೆ, ಕೆಳಗೆ ಗಟ್ಟಿ. ಇಂಥ ಕಡೆ ಗಾಲಿ ರಾಡಿಯನ್ನು ಸೀಳಿ ಗಟ್ಟಿ ನೆಲ ಮುಟ್ಟಬೇಕು. ಕಿರಿದಾದ ಟಯರು ಸೀಳುತ್ತದೆ; ಅಗಲದ್ದು ರಾಡಿಯ ಮೇಲೆ ಜಾರುತ್ತದೆ, ಮುಂದೆ ಮಣ್ಣಿನ ರಾಶಿ ತಳ್ಳುತ್ತದೆ. ವಿಲ್ಲಿಸ್‌ನ ಆರಿಂಚಿನ ಟಯರಿನ ಗುಟ್ಟು ಇದು. ಬಹುಕಾಲ ಉತ್ತ ಗದ್ದೆಯಲ್ಲೂ ಕೆಸರಿನ ಕೆಳಗೆ ನೇಗಿಲು ಒತ್ತಿ ಗಟ್ಟಿಯಾದ ಪದರವಿರುತ್ತದೆ. ಟ್ರ್ಯಾಕ್ಟರಿಗೆ ಕೇಜ್ ವೀಲ್ ಕಟ್ಟಿ ಇಳಿಸಿದರೂ ಅದು ಪಾತಾಳಕ್ಕೆ ಹೋಗದಿರುವುದು ಆ ಪದರದಿಂದ.

ದಂಡಾವತಿಯ ದಂಡೆ, ವರದೆಯ ಬಯಲು, ಕೆರೆಯ ಹಿನ್ನೀರು ಬಿಟ್ಟ ನೆಲ, ಶಿಕಾರಿಪುರದ ಮೆಕ್ಕೆಜೋಳದ ಹೊಲಗಳಲ್ಲಿ ಅಲ್ಲಲ್ಲಿ ಸಿಗುವ ಎರೆ, ಇವುಗಳ ಗುಣ ಬೇರೆ. ಮಣ್ಣಿನ ಹಿಡಿತಕ್ಕೆ ಎರಡು ಮೂಲಗಳಿವೆ ಎಂದು ಫ್ರಾನ್ಸಿನ ಕೂಲಂ 1773ರಲ್ಲೇ ಹೇಳಿದ: ಕಣಗಳ ಅಂಟು ಒಂದು, ಒತ್ತಿದಷ್ಟೂ ಹೆಚ್ಚುವ ಘರ್ಷಣೆ ಇನ್ನೊಂದು. ಒಣ ಗರಸಿನಲ್ಲಿ ಘರ್ಷಣೆಯದೇ ಆಟ. ಹಿಂದಿನ ಗಾಲಿಯಷ್ಟೇ ಎಳೆಯುವ ಪಿಕಪ್ ಜಾರಿದಾಗ ಹಿಂದೆ ನಾಲ್ಕು ಜನ ಹತ್ತಿ ನಿಂತರೆ ಅದು ಮೇಲೇರುತ್ತದೆ. ನೀರು ಕುಡಿದ ಜೇಡಿಯಲ್ಲಿ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ, ಉಳಿಯುವುದು ಅಂಟು ಮಾತ್ರ. ಅಂಟಿನ ಹಿಡಿತ ಟಯರು ಊರಿದ ಜಾಗದಷ್ಟಿರುತ್ತದೆ. ಅಲ್ಲಿ ಜನ ಹತ್ತಿಸಿದರೆ ಗಾಲಿ ಇನ್ನಷ್ಟು ಹೂಳುತ್ತದೆ. ಮಾಡಬೇಕಾದ್ದು ಗಾಳಿ ಇಳಿಸುವುದು.

ಗಾಳಿ ಇಳಿಸಿದಾಗ ಕೆಲವು ಎಚ್ಚರ ಬೇಕು. ತೋಟದ ಅಂಚಿನ ಬಿದಿರಿನ ಮೋಟು, ಕಡಿದ ಅಡಿಕೆ ಮರದ ಸೀಳು ಉಬ್ಬಿದ ಪಕ್ಕೆಗೆ ಚುಚ್ಚಿದರೆ ಆ ಟಯರು ಪಂಕ್ಚರ್ ಹಾಕಿ ಉಳಿಯುವಂಥದ್ದಲ್ಲ. 18ಕ್ಕಿಂತ ಕೆಳಗೆ ಹೋಗಿ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟಯರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರು ಮುಟ್ಟುವ ಮೊದಲು ಮತ್ತೆ ತುಂಬಿಸಬೇಕು, ಇಲ್ಲದಿದ್ದರೆ ವೇಗದಲ್ಲಿ ಟಯರು ಕಾದು ಸಿಡಿಯುತ್ತದೆ. ಹೀಗಾಗಿ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಗೇಜು, ಗಾಡಿಯ ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರ್.

ಅದಾದ ಮೇಲೆ ಟಯರು. ಗಾಡಿ 18 ಇಂಚಿನ ರಿಮ್ಮಿನದಾದರೆ ಅದೇ ಥಾರ್‌ಗೆ ಕಂಪನಿಯೇ ಕೊಟ್ಟ 245/75 ಆರ್16ಕ್ಕೆ ಬದಲಾಯಿಸಿಕೊಳ್ಳಿ. ವ್ಯಾಸ 15 ಮಿ.ಮೀ. ಕಡಿಮೆಯಾದರೂ ಟಯರಿನ ಪಕ್ಕೆ 166ರಿಂದ 184 ಮಿ.ಮೀ.ಗೆ ಏರುತ್ತದೆ. ಗಾಳಿ ಇಳಿಸಲು ಅವಕಾಶ ಹೆಚ್ಚು, ರಿಮ್ಮಿಗೆ ಪೆಟ್ಟು ಕಡಿಮೆ. ನಮೂನೆ ಆಲ್‌ಟೆರೇನ್ ಸಾಕು. ದಪ್ಪ ಗಡ್ಡೆಗಳ ಮಡ್ ಟಯರು ಮಳೆಯ ಡಾಂಬರಿನ ಮೇಲೆ ಬ್ರೇಕಿಗೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ; ನಮ್ಮ ಗಾಡಿಗಳು ಓಡುವುದು ಹೆಚ್ಚಾಗಿ ಡಾಂಬರಿನ ಮೇಲೇ.

ಇನ್ನೂ ಎತ್ತರ ಬೇಕೇಬೇಕೆಂದರೆ 235/85 ಆರ್16 ಎಂಬ ಸೈಜಿದೆ. ವ್ಯಾಸ 806 ಮಿ.ಮೀ., ಅಂಗಡಿಯ 265ರಷ್ಟೇ ಎತ್ತರ, ಅಗಲ 30 ಮಿ.ಮೀ. ಕಡಿಮೆ. ಬೆಕ್ಕರ್ ಇದ್ದಿದ್ದರೆ ಇದನ್ನೇ ಆರಿಸುತ್ತಿದ್ದ ಎಂದು ನನ್ನ ನಂಬಿಕೆ. 245ಕ್ಕೆ ಹೋಲಿಸಿದರೆ ಗಾಲಿಯ ಎಳೆತದ ಬಲ ಶೇಕಡಾ 4ರಷ್ಟು ಇಳಿಯುತ್ತದೆ, ಮೀಟರು 60 ತೋರಿಸುವಾಗ ಗಾಡಿ 62ಕ್ಕಿಂತ ಹೆಚ್ಚು ಓಡುತ್ತಿರುತ್ತದೆ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಟಯರು ಮಡ್‌ಗಾರ್ಡಿಗೆ ಒರೆದರೆ, ಆ ಒರೆತ ತಪ್ಪಿಸುವಷ್ಟು ಮಾತ್ರ ಲಿಫ್ಟ್ ಸಾಕು.

ಅಲ್ಲಿಗೆ ಕಾನೂನಿನ ಗಡಿ ಬರುತ್ತದೆ. ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಬೀಳಬಹುದು. ಅಪಘಾತವಾದರೆ ವಿಮೆಯವರೂ ಇದೇ ಎಳೆ ಹಿಡಿದು ತಕರಾರು ತೆಗೆಯುತ್ತಾರೆ. ಕಂಪನಿಯ ಸೈಜಿನೊಳಗೇ ಇದ್ದು ಗಾಳಿಯಲ್ಲಿ ಕೆಲಸ ಮುಗಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ನಿರ್ಧರಿಸುವ ಮೊದಲು ನಿಮ್ಮ ದಾರಿಯನ್ನೇ ಅಳೆಯಿರಿ. ಅಮೆರಿಕದ ಸೇನೆಯ ಎಂಜಿನಿಯರುಗಳು ಶಂಕುವಿನ ತುದಿಯ ಕಡ್ಡಿಯೊಂದನ್ನು ಮಣ್ಣಿಗೆ ಒತ್ತಿ, ಅದು ಒಡ್ಡುವ ತಡೆಯನ್ನು ಓದಿ ಯಾವ ವಾಹನ ದಾಟೀತು ಎಂದು ಹೇಳುವ ಪದ್ಧತಿ ಬೆಳೆಸಿದರು. ನಿಮ್ಮ ಮನೆಯ ಹಾರೆ ಸಾಕು. ಜಡಿಮಳೆ ಬಿಟ್ಟ ಮರುದಿನ ಜಾಡಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಹಾರೆಯನ್ನು ಮೈಭಾರ ಹಾಕಿ ಒತ್ತಿ. ಒಂದು ಗೇಣಿನೊಳಗೆ ಠಣ್ಣೆಂದು ನಿಂತರೆ ಕಿರಿದಾದ ಟಯರು, 20ರ ಆಸುಪಾಸಿನ ಗಾಳಿ ಸಾಕು. ಮೊಳದುದ್ದ ಸರಾಗವಾಗಿ ಇಳಿದರೆ ಆ ಜಾಗಕ್ಕೆ ಯಾವ ಲಿಫ್ಟೂ ಪರಿಹಾರವಲ್ಲ. ಅಲ್ಲಿಗೆ ಎರಡು ಲೋಡು ಗರಸು ಹೊಡೆಸಿ, ನೀರು ಹರಿದುಹೋಗಲು ಪಕ್ಕದಲ್ಲಿ ಕಾಲುವೆ ತೆಗೆಸಿ.