ಗಣಕಯಂತ್ರದ ರಸ್ತೆಯೂ ಊರಿನ ರಸ್ತೆಯೂ

ಹೈದರಾಬಾದಿನ ಈಶಾನ್ಯದಲ್ಲಿರುವ ಕುಷಾಯಿಗೂಡಕ್ಕೂ ಗಣಕಯಂತ್ರಕ್ಕೂ ಹಳೆಯ ನಂಟುಂಟು. 1967ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಇ.ಸಿ.ಐ.ಎಲ್. ಸಂಸ್ಥೆ ಅದರ ಮಗ್ಗುಲಲ್ಲಿಯೇ ಇದೆ. ನಮ್ಮ ದೇಶದಲ್ಲಿಯೇ ರೂಪುಗೊಂಡ ಟಿ.ಡಿ.ಸಿ.-12 ಎಂಬ ಗಣಕಯಂತ್ರವನ್ನು ಆ ಸಂಸ್ಥೆ 1969ರಲ್ಲಿ ಹೊರತಂದಿತು. ಅಂದು ಲೆಕ್ಕಾಚಾರಕ್ಕೆಂದು ಹುಟ್ಟಿದ ಯಂತ್ರ ಇಂದು ಸಾಮಾನ್ಯರ ಮನೆಯ ಮೂಲೆಯಲ್ಲಿ ಕುಳಿತು ಮಕ್ಕಳನ್ನು ಆಡಿಸುತ್ತಿದೆ.

ಇತ್ತೀಚೆಗೆ ಅಲ್ಲಿ ನೆಲಸಿರುವ ಕುಂದಾಪುರದ ಕಡೆಯ ಹೋಟೆಲ್ ಮಾಣಿಯೊಬ್ಬರ ಮನೆಗೆ ನಾವು ಹೋಗಿದ್ದೆವು. ಅವರ 14 ವರ್ಷದ ಮಗ ಹಳೆಯ ಗಣಕಯಂತ್ರವೊಂದರ ಮುಂದೆ ‘ರೋಡ್ ರ‍್ಯಾಶ್’ ಎಂಬ ಮೋಟಾರ್ ಸೈಕಲ್ ಪಂದ್ಯದಲ್ಲಿ ಮೈಮರೆತಿದ್ದ. “ರಾಯರೇ, ಓದು ಬಿಟ್ಟು ಇದೇ ಆಯಿತು. ಯಂತ್ರವನ್ನು ಗುಜರಿಗೆ ಹಾಕಿಬಿಡಲೇ?” ಎಂದು ತಂದೆ ನೊಂದು ಕೇಳಿದರು. ಉತ್ತರ ಹೇಳುವ ಮುನ್ನ ಆಟವನ್ನು ನೋಡೋಣವೆಂದು ನಾವಿಬ್ಬರೂ ಹುಡುಗನ ಪಕ್ಕದಲ್ಲಿ ಕುಳಿತೆವು.

ಇಂತಹ ಆಟಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. 1974ರಲ್ಲಿ ಅಮೆರಿಕದ ಅಟಾರಿ ಕಂಪೆನಿ ‘ಗ್ರ್ಯಾನ್ ಟ್ರ್ಯಾಕ್ 10’ ಎಂಬ ಕಾರು ಪಂದ್ಯದ ಆಟವನ್ನು ಹೊರತಂದಿತು. ಚಕ್ರ, ಗೇರು, ಬ್ರೇಕು ಎಲ್ಲವೂ ಅದಕ್ಕಿದ್ದವು. 1982ರಲ್ಲಿ ಜಪಾನಿನ ನಾಮ್ಕೋ ಕಂಪೆನಿಯ ‘ಪೋಲ್ ಪೊಸಿಷನ್’ ಬಂದಿತು. ‘ರೋಡ್ ರ‍್ಯಾಶ್’ ಹುಟ್ಟಿದ್ದು 1991ರಲ್ಲಿ. ಮನೆಯ ಗಣಕಯಂತ್ರಗಳಿಗೆ ಒಗ್ಗುವ ಅದರ ವಿಂಡೋಸ್ ರೂಪ 1996ರಲ್ಲಿ ಬಂದಿತು. ದೂರದಲ್ಲಿ ಸಣ್ಣದಾಗಿ ಮೂಡಿದ ಮರ ಕ್ಷಣಕ್ಷಣಕ್ಕೂ ದೊಡ್ಡದಾಗುತ್ತದೆ. ಕುಳಿತಲ್ಲಿಯೇ ಕುಳಿತವನಿಗೆ ತಾನೇ ಅದರತ್ತ ಧಾವಿಸುತ್ತಿರುವ ಭ್ರಮೆಯಾಗುತ್ತದೆ.

ಕ್ಯಾಲಿಫೋರ್ನಿಯದ ಹೆದ್ದಾರಿಗಳಲ್ಲಿ ನಡೆಯುವ ಈ ಪಂದ್ಯದಲ್ಲಿ ಪಕ್ಕದ ಸವಾರನನ್ನು ಒದೆಯಬಹುದು, ಸರಪಳಿಯಿಂದ ಹೊಡೆಯಬಹುದು. ಗೆದ್ದ ಹಣದಿಂದ ಹೊಸ ವಾಹನ ಕೊಳ್ಳಬಹುದು. ಪೊಲೀಸರು ಹಿಡಿದರೆ ದಂಡ ತೆತ್ತು ಮುಂದೆ ಸಾಗಬಹುದು. ಕಾರಿಗೆ ಬಡಿದು ಆಕಾಶಕ್ಕೆ ಹಾರಿಬಿದ್ದ ಸವಾರನೂ ಎದ್ದು ಓಡಿ ತನ್ನ ವಾಹನವನ್ನೇರುತ್ತಾನೆ!

“ನಿಜವಾಗಿ ಬಿದ್ದರೆ ಹೀಗೆ ಏಳುತ್ತಾನೆಯೇ?” ಎಂದು ನಾವು ಕೇಳಿದೆವು. ಹುಡುಗ ಪರದೆಯಿಂದ ಕಣ್ಣು ತೆಗೆಯದೆ, “ಇಲ್ಲ ಅಂಕಲ್, ಹೋದ ಭಾನುವಾರ ನಾನು ಬಿದ್ದಾಗ ಮಂಡಿ ತರಚಿತು” ಎಂದ. ಸ್ನೇಹಿತನೊಬ್ಬ ತನ್ನ ಅಣ್ಣನ ಮೋಟಾರ್ ಸೈಕಲನ್ನು ಭಾನುವಾರಗಳಂದು ಅವನಿಗೆ ಓಡಿಸಲು ಕೊಡುತ್ತಿದ್ದನಂತೆ. ತಂದೆಯ ಮುಖ ಬಿಳಿಚಿತು. ಅವರಿಗೆ ಈ ವಿಷಯ ತಿಳಿದದ್ದು ಅಂದೇ.

ಗೇರುಳ್ಳ ಮೋಟಾರ್ ಸೈಕಲ್ ಓಡಿಸಲು ಕಾನೂನಿನಂತೆ 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತವಯಸ್ಕರು ವಾಹನ ಓಡಿಸಿ ಅಪರಾಧವಾದಲ್ಲಿ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಬಹುದು. ಸಂಬಳವನ್ನೇ ನಂಬಿರುವ ನಮ್ಮ ಬಾಂಧವರ ಪಾಲಿಗೆ ಇದು ಸಣ್ಣ ಮಾತಲ್ಲ. ಮಗನ ಜೀವಕ್ಕೆ ಮಾತ್ರ ಯಾವ ಬೆಲೆಯನ್ನೂ ಕಟ್ಟಲಾಗದು.

ಯಂತ್ರ ಗುಜರಿಗೆ ಹೋಗಲಿಲ್ಲ. ಹೋಗಿದ್ದರೆ ಭಾನುವಾರದ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಸ್ನೇಹಿತನ ಅಣ್ಣನೊಡನೆ ಮಾತನಾಡಲು ಅಂದು ಸಂಜೆಯೇ ತಂದೆ ಹೊರಟರು. ಎರಡು ಪಾಳಿ ದುಡಿದು ದಣಿದು ಬರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ರಜೆಯ ದಿನ ಅರ್ಧ ಗಂಟೆ ಮಗುವಿನ ಆಟದ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಗದರಿಸಿ ಕೇಳಿದರೆ ಹೊರಬಾರದ ಮಾತು ಅಲ್ಲಿ ತಾನಾಗಿ ಹೊರಬರುವುದುಂಟು.