ಬಿಸಿಲಿಗೆ ಗುತ್ತಿಗೆ ಹೋದ ಕಡ್ಲೆಕಾಯಿ ಹೊಲ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಹೊರಟವರು ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ದಾಟಲೇಬೇಕು. ಹೆಸರಿಗೆ ತುಮಕೂರು ಜಿಲ್ಲೆ. ಆದರೆ ಪಾವಗಡಕ್ಕೆ ಕರ್ನಾಟಕದ ನೆಲ ತಾಗುವುದು ಚಿತ್ರದುರ್ಗದ ಕಡೆಯಿಂದ ಮಾತ್ರ. ಮಿಕ್ಕ ದಿಕ್ಕಿಗೆಲ್ಲ ಆಂಧ್ರ. ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಈ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ ಇದೆ. ಊರಾಚೆ ಕಾಲಿಟ್ಟರೆ ಕಣ್ಣು ಹಾಯುವವರೆಗೆ ನೀಲಿ ಸೌರ ಫಲಕಗಳು, ಅವುಗಳ ಸುತ್ತ ತಂತಿ ಬೇಲಿ, ಬೇಲಿಯ ಗುಂಟ ಹೊಸ ಟಾರು ರಸ್ತೆ.

ಕೋಟೆಬೆಟ್ಟ, ಶನಿಮಹಾತ್ಮನ ಗುಡಿ, ಒಂದು ಕಾಲಕ್ಕೆ ಚೋಳ ವಂಶದ ಶಾಖೆಯೊಂದು ಆಳಿದ ನಿಡಗಲ್ಲು ದುರ್ಗ, ಪುಷ್ಯಮಾಸದಲ್ಲಿ ದನಗಳ ಜಾತ್ರೆ ಕಟ್ಟುವ ನಾಗಲಮಡಿಕೆಯ ಸುಬ್ರಹ್ಮಣ್ಯ: ತಾಲ್ಲೂಕಿನ ಪರಿಚಯ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಹೋಬಳಿಯಲ್ಲಿ ಹರಿಯುವ ಉತ್ತರ ಪಿನಾಕಿನಿ ವರ್ಷದ ಬಹುಪಾಲು ಮರಳಿನ ಹಾಸು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾಗಳ ಜೊತೆ ಪಾವಗಡವೂ ಸೇರಿತ್ತು.

ಇಲ್ಲಿನ ಬೆಳೆ ಕಡ್ಲೆಕಾಯಿ. ಮುಂಗಾರಿನಲ್ಲಿ ಹದ ಸಿಕ್ಕರೆ ಬಿತ್ತನೆ, ನಡುನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಹರಳು. ಹೂವು ನೆಲಕ್ಕಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಾಯಿ ಜೊಳ್ಳು. ಬಿತ್ತನೆ ಬೀಜಕ್ಕೆ ಮಾಡಿದ ಸಾಲವೂ ಹುಟ್ಟದ ವರ್ಷಗಳನ್ನು ಇಲ್ಲಿಯ ಹಿರಿಯರು ಬೆರಳು ಮಡಿಸಿ ಎಣಿಸುತ್ತಾರೆ. ಅಂಥ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ.

ಹಾಗಾಗಿ ಸರ್ಕಾರ ಸೋಲಾರ್ ಪಾರ್ಕ್‌ಗೆಂದು ಬಂದು ‘ನೆಲ ಮಾರಬೇಡಿ, ಬಾಡಿಗೆಗೆ ಕೊಡಿ’ ಎಂದಾಗ ಬಹಳ ಮಂದಿ ಒಪ್ಪಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷದ ಗುತ್ತಿಗೆ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಹೀಗೆ ಒಂದಾಯಿತು. 2018ರ ಮಾರ್ಚ್ 1ರಂದು ‘ಶಕ್ತಿಸ್ಥಳ’ ಹೆಸರಿನ ಆ ಪಾರ್ಕ್‌ನ ಉದ್ಘಾಟನೆಯಾಯಿತು. ಈಗ ಅದರ ಸಾಮರ್ಥ್ಯ 2,050 ಮೆಗಾವಾಟ್. ಐದು ಎಕರೆಯವನಿಗೆ ಮೊದಲ ವರ್ಷವೇ 1,05,000 ರೂಪಾಯಿ, ಅದೂ ಮಳೆಯ ಹಂಗಿಲ್ಲದೆ. ಪಹಣಿ ಉಳಿಯಿತು, ಸಾಲ ತೀರಿತು, ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಎದ್ದಿತು. ಇದನ್ನು ಸಣ್ಣದೆಂದು ಯಾರೂ ಅನ್ನಬಾರದು. ಬರದ ಸೀಮೆಯಲ್ಲಿ ಖಚಿತವಾದ ಹಣ ಅಂದರೆ ಏನು ಅನ್ನುವುದು ಅಲ್ಲಿಯವರಿಗೇ ಗೊತ್ತು.

ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೋರಿಗೆ ಹೊಲ ಮಾಡುತ್ತಿದ್ದವರು, ಕಾಗದವಿಲ್ಲದೆ ಉಳುತ್ತಿದ್ದವರು, ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರು ಯಾವ ಗುತ್ತಿಗೆ ಪತ್ರದಲ್ಲೂ ಇಲ್ಲ. ಫಲಕ ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು ಇವೇ ಈಗ ಉಳಿದ ಕೂಲಿ. ಸಿಕ್ಕವರಿಗೆ ಉಂಟು, ಸಿಗದವರು ಮತ್ತೆ ಬಸ್ಸು ಹತ್ತಬೇಕು.

ಬೇಲಿಯ ಪಕ್ಕದ ಜಾಲಿಮರದ ನೆರಳಿನಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಕೆಲಸ ಬಿಟ್ಟು ಕೇಳುವಂಥ ಮಾತು ಅವರದು. “ಕಡ್ಲೆಕಾಯಿ ಕಿತ್ತ ಮ್ಯಾಲೆ ಈ ಹೊಲ್ಗಳೆಲ್ಲ ನಮ್ಮವೇ ಸಾರ್. ಯಾರ್ದು ಅಂತ ಕೇಳೋರಿಲ್ಲ. ರೈತ್ರೇ ಬಂದು ಮಂದೆ ನಿಲ್ಸು ಅಂತ ಕರೆಯೋರು, ರಾತ್ರಿಗಿಷ್ಟು ಅಂತ ರಾಗಿ ಅಳೆಯೋರು. ಈಗ ಬೇಲಿಗುಂಟ ಮೇಯಿಸ್ಬೇಕು.” ಮಂದೆ ನಿಂತ ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳು; ದುಡ್ಡಿಲ್ಲದೆ ನಡೆಯುತ್ತಿದ್ದ ಈ ಕೊಡುಕೊಳ್ಳುವಿಕೆ ಬಾಡಿಗೆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಮೇವಿಗೆ ದೂರ ಹೋಗಬೇಕಾದಾಗ ಮಂದೆ ಸಣ್ಣದಾಗುತ್ತದೆ. ಅರ್ಧ ಮಂದೆಯನ್ನು ಅವರು ಶಿರಾದ ಕುರಿ ಸಂತೆಗೆ ಹೊಡೆದು ಮಾರಿದ್ದಾರೆ.

ಅವರ ಹೆಗಲ ಮೇಲಿದ್ದ ಕರಿಕಂಬಳಿಯ ಬಗ್ಗೆ ಕೇಳಿದ್ದೇ ತಡ, ಮಾತು ಇನ್ನೊಂದು ಗಂಟೆ ಬೆಳೆಯಿತು. ಅದು ಅವರ ತಂದೆ ನೇಯ್ದದ್ದು. ಕುರಿ ಮೈ ತೊಳೆದು ಉಣ್ಣೆ ಕತ್ತರಿಸುವುದು ಗಂಡಸರ ಕೆಲಸ, ನೂಲುವುದು ಹೆಂಗಸರದು. ಮಗ್ಗದ ಹಾಸಿಗೆ ಎಳೆದ ನೂಲಿಗೆ ಹುಣಸೆಬೀಜದ ಗಂಜಿ ಬೇಕು. ಬೀಜದ ಸಿಪ್ಪೆ ತೆಗೆದು, ಬೀಸಿ, ಕುದಿಸಿ, ಅಂಟು ಬಂದ ಮೇಲೆ ಕುಂಚದಿಂದ ನೂಲಿನ ಉದ್ದಕ್ಕೂ ಸವರಿ ಬಿಸಿಲಿಗೆ ಒಣಗಿಸಬೇಕು. ಗಂಜಿ ತೆಳುವಾದರೆ ನೂಲು ಮಗ್ಗದಲ್ಲಿ ಕಡಿಯುತ್ತದೆ, ದಪ್ಪವಾದರೆ ಕೋಲಿನಂತೆ ಸೆಟೆಯುತ್ತದೆ. ಹದವನ್ನು ತಾಯಿ ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದರಂತೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಮದುವೆಯಲ್ಲಿ ಹಸೆ, ಎಲ್ಲಕ್ಕೂ ಇದೇ ಕಂಬಳಿ. ಅವರ ಮನೆಯ ಮಗ್ಗದ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿದ್ದಾರೆ. ಕಂಬಳಿ ಸೊರಗಿದ್ದಕ್ಕೆ ಸೋಲಾರ್ ಒಂದೇ ಕಾರಣವಲ್ಲ. ಮಿಲ್ಲಿನ ಅಗ್ಗದ ರಗ್ಗು ಮೊದಲೇ ಬಂದಿತ್ತು, ಮಾಂಸಕ್ಕೆ ಬೆಲೆ ಬಂದ ಮೇಲೆ ಉಣ್ಣೆಯಿಲ್ಲದ ನೆಲ್ಲೂರು ಕಡೆಯ ಕುರಿಗಳೂ ಮಂದೆಗೆ ಸೇರಿದವು. ಆದರೂ ಮೇಯುವ ನೆಲ ತಪ್ಪಿದ್ದು ಆ ಸುಸ್ತಾದ ಕಸುಬಿಗೆ ಬಿದ್ದ ಕೊನೆಯ ಪೆಟ್ಟು ಎಂದೇ ನನಗೆ ಅನ್ನಿಸಿತು.

ನನ್ನನ್ನು ಕಾಡಿದ್ದು ಬೇಲಿಯ ಒಳಗಿನ ಹುಲ್ಲು. ನಾನು ಕಂಡ ಬ್ಲಾಕ್‌ಗಳಲ್ಲಿ ಫಲಕಗಳ ಕೆಳಗೆ ಅದು ಮೊಣಕಾಲುದ್ದ ಬೆಳೆದಿತ್ತು. ಬೇಸಿಗೆಯಲ್ಲಿ ಒಣಗಿದರೆ ಬೆಂಕಿಯ ಭಯ, ಬೆಳೆದರೆ ಫಲಕಕ್ಕೆ ನೆರಳು; ಹೇಗೂ ಅದನ್ನು ತೆಗೆಯಲೇಬೇಕು. ಬೇಲಿಯ ಹೊರಗೆ ಹಸಿದ ಕುರಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಂಥದ್ದೇ ಪಾರ್ಕ್‌ಗಳ ಒಳಗೆ ಕುರಿ ಮೇಯಿಸುತ್ತಾರೆ, ಕುರಿಗಾಹಿಗೆ ಕಂಪನಿಯೇ ಹಣ ಕೊಡುವುದೂ ಉಂಟು. ಮೇಕೆಯಾದರೆ ಫಲಕ ಹತ್ತುತ್ತದೆ, ತಂತಿ ಕಡಿಯುತ್ತದೆ. ಕುರಿ ತಲೆ ತಗ್ಗಿಸಿ ಮೇಯುವ ಜೀವ. ಹುಲ್ಲು ಕೀಳುವ ಹೆಂಗಸರ ಕೂಲಿ ಇದರಿಂದ ತಪ್ಪಬಾರದು ಎಂಬುದೂ ನ್ಯಾಯವೇ. ಕುರಿ ಮುಟ್ಟದ ಗಿಡಗಂಟಿ, ಫಲಕ ತೊಳೆಯುವ ಕೆಲಸ ಅವರಿಗೆ ಮೀಸಲಾಗಲಿ. ಯಾವ ಬ್ಲಾಕ್ ಯಾರಿಗೆ, ಯಾವ ತಿಂಗಳು ಎಂಬುದನ್ನು ಪಂಚಾಯಿತಿಯ ಕಟ್ಟೆಯ ಮೇಲೆ ಕೂತು ತೀರ್ಮಾನಿಸಬಹುದು.

ಈ ಗುತ್ತಿಗೆ ಮುಗಿಯುವ ಹೊತ್ತಿಗೆ ಕಡ್ಲೆಕಾಯಿ ಬಿತ್ತಿ ಗೊತ್ತಿದ್ದ ಒಂದು ತಲೆಮಾರು ಇರುವುದಿಲ್ಲ. ಕುರಿ ಕಾಯುವವರಾದರೂ ಉಳಿಯಲಿ. ಪಾರ್ಕ್ ನೋಡಿಕೊಳ್ಳುವ ನಿಗಮವೂ ಕಂಪನಿಗಳೂ ಬರುವ ಮುಂಗಾರಿನಲ್ಲಿ ಒಂದೇ ಒಂದು ಬ್ಲಾಕಿನ ಗೇಟನ್ನು ತಿರುಮಣಿಯ ಮಂದೆಗಳಿಗೆ ತೆರೆದು ನೋಡಲಿ.