ಪೆಟ್ಟಿಗೆ ಬಂತು, ಕಾಗದ ಬರಲಿಲ್ಲ

ಗಲ್ಫಿನವರ ಮನೆ ಅಂದರೆ ಊರಿನವರ ಕಣ್ಣಿಗೆ ಬೀಳುವುದು ತಾರಸಿ, ಕಬ್ಬಿಣದ ಗೇಟು, ರಜೆಯಲ್ಲಿ ಬಂದಾಗ ಹಂಚುವ ಸೆಂಟಿನ ಬಾಟಲಿ. ಆ ದುಡ್ಡಿನ ಹಿಂದೆ ಎಷ್ಟು ಜನ ಒಂದೇ ರೂಮಿನಲ್ಲಿ ಮಂಚದ ಮೇಲೆ ಮಂಚ ಹಾಕಿ ಮಲಗುತ್ತಾರೆ ಅಂತ ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವುದು ಏನಾದರೂ ಅನಾಹುತ ಆದ ಮೇಲೆಯೇ.

ಬೈಂದೂರು ತಾಲೂಕಿನ ಒಂದು ಹಳ್ಳಿಮನೆಗೆ ಅಂಥ ಅನಾಹುತ ಬಂದದ್ದು 2023ರ ನವೆಂಬರಿನಲ್ಲಿ, ದೀಪಾವಳಿ ಮುಗಿದ ವಾರದಲ್ಲಿ. ಯುಎಇಯಲ್ಲಿ ಹೋಟೆಲಿನ ಅಡುಗೆ ಕೆಲಸಕ್ಕಿದ್ದ ಮನೆ ಯಜಮಾನ, ವಯಸ್ಸು 51, ರೂಮಿನ ಜಗಳದಲ್ಲಿ ಚೂರಿ ಇರಿತಕ್ಕೆ ಸಿಕ್ಕಿ ತೀರಿಕೊಂಡರು. ಇರಿದವನೂ ಭಾರತದವನೇ, ಬೇರೆ ರಾಜ್ಯದವನು. ಎರಡು ವರ್ಷ ಒಂದೇ ಪಾತ್ರೆಯ ಅನ್ನ ಉಂಡವನು! ಜಗಳ ಯಾವುದಕ್ಕೆ? ಬಾಡಿಗೆ ಪಾಲಿನ ಬಾಕಿಗೆ ಅಂತ ಒಬ್ಬರು, ರಾತ್ರಿ ಫೋನು ಗಟ್ಟಿಯಾಗಿ ಹಾಕಿದ್ದಕ್ಕೆ ಅಂತ ಇನ್ನೊಬ್ಬರು. ಮನೆಯವರಿಗೆ ಇವತ್ತಿಗೂ ಖಚಿತ ಇಲ್ಲ. ಹೆಸರು ಬರೆಯಬೇಡಿ ಅಂತ ಅವರು ಕೇಳಿಕೊಂಡಿದ್ದಾರೆ. ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ.

ಮನೆಯಲ್ಲಿ ಉಳಿದವರು ನಾಲ್ವರು. ಎಂಬತ್ತು ದಾಟಿದ ತಾಯಿ, ಹೆಂಡತಿ, ಐಟಿಐ ಮುಗಿಸಿ ಗ್ಯಾರೇಜು ಕೆಲಸಕ್ಕೆ ಹೋಗುವ ಮಗ, ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು.

ಮುಖ ನೋಡಲಿಲ್ಲ

ಮೊದಲ ಫೋನಿನಲ್ಲಿ ‘ಆಕ್ಸಿಡೆಂಟು’ ಅಂದರು. ನಿಜ ಗೊತ್ತಾದದ್ದು ಮರುದಿನ ವಾಟ್ಸಾಪಿನಲ್ಲಿ, ಅದೂ ಮಗಳ ಕ್ಲಾಸಿನ ಹುಡುಗಿಯೊಬ್ಬಳ ಮನೆಯಿಂದ.

ಕಾಯಿಲೆಯ ಸಾವಾದರೆ ಹೆಣ ಬೇಗ ಬರುತ್ತದೆ. ಕೊಲೆ ಕೇಸು ಹಾಗಲ್ಲ. ಪೊಲೀಸರ ವರದಿ ಆಗಬೇಕು, ಅದು ಅರಬಿಯಿಂದ ಇಂಗ್ಲಿಷಿಗೆ ಬರಬೇಕು. ಮರಣಪತ್ರ, ಶವ ಕೆಡದಂತೆ ಮದ್ದು ಹಾಕಿದ ಸರ್ಟಿಫಿಕೇಟು, ರದ್ದಾದ ಪಾಸ್‌ಪೋರ್ಟು, ಕಾನ್ಸುಲೇಟಿನ ಒಪ್ಪಿಗೆ, ಊರಿನ ವಾರಸುದಾರರ ಸಹಿ ಇರುವ ಪತ್ರ ಎಲ್ಲವೂ ಸೇರಬೇಕು. ಇಷ್ಟು ಕೂಡುವ ಹೊತ್ತಿಗೆ 19 ದಿನ. ಖರ್ಚು ಮಾಲೀಕ ಕೊಡಬೇಕೆಂದು ಅಲ್ಲಿನ ಕಾರ್ಮಿಕ ಕಾನೂನಿನಲ್ಲೇ ಇದೆ. ಮಾಲೀಕ ಕೈ ಎತ್ತಿದರೆ ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಬಡವರಿಗೆ ನೆರವು ಸಿಗುತ್ತದೆ. ಈ ಮನೆಯವರಿಗೆ ಎರಡೂ ಗೊತ್ತಿರಲಿಲ್ಲ. ಅಲ್ಲಿನ ಊರಿನ ಹುಡುಗರೇ ಚಂದಾ ಎತ್ತಿ ಕಳಿಸಿದರು.

ಬಜ್ಪೆ ಏರ್‌ಪೋರ್ಟಿನ ಸರಕು ವಿಭಾಗದಿಂದ ಪೆಟ್ಟಿಗೆ ಬಿಡಿಸಿಕೊಂಡು ಆಂಬುಲೆನ್ಸಿನಲ್ಲಿ ಊರು ಮುಟ್ಟುವಾಗ ಕತ್ತಲೆ. ತೆರೆಯಬೇಡಿ ಅಂತ ಹಿರಿಯರು ತಡೆದರು. ಪೆಟ್ಟಿಗೆ ಸಮೇತ ಚಿತೆಗೆ.

‘ಪೆಟ್ಟಿಗಿ ಬಿಚ್ಚೂಕೆ ಬಿಡ್ಲಿಲ್ಲೆ. ಒಳ್ಗೆ ಇದ್ದದ್ದ್ ನನ್ ಮಗ್ನೇ ಅಂದೇಳಿ ನಂಬ್ಕ್ ಅಂದ್ರ್. ನಂಬ್ದೆ. ಮತ್ತೆಂತ ಮಾಡೂಕ್ ಆತ್ತ್?’ ಎನ್ನುತ್ತಾರೆ ಮುದುಕಿ.

2010ರ ಮೇ 22ರಂದು ಇದೇ ಬಜ್ಪೆಯಲ್ಲಿ ದುಬೈ ವಿಮಾನ ಬಿದ್ದು 158 ಮಂದಿ ಸತ್ತಾಗ ಜಿಲ್ಲೆಗೆ ಜಿಲ್ಲೆಯೇ ಅತ್ತಿತ್ತು. ಅಲ್ಲಿ ಸತ್ತವರ ಮೇಲೆ ಯಾರೂ ಸಂಶಯ ಪಡಲಿಲ್ಲ. ಕೊಲೆಯಾದವನ ಮನೆಗೆ ಆ ಮರ್ಯಾದೆಯೂ ಇಲ್ಲ. ‘ಸುಮ್ಮನೆ ಯಾರಾದರೂ ಚುಚ್ಚುತ್ತಾರಾ? ಏನೋ ಇದ್ದಿರಬೇಕು’ ಅನ್ನುವ ಮಾತು ಬಸ್‌ಸ್ಟ್ಯಾಂಡಿನಲ್ಲಿ ಹುಟ್ಟಿ, ಹಾಲಿನ ಡೇರಿಗೆ ಹೋಗಿ, ಅಲ್ಲಿಂದ ಮನೆಯ ಅಂಗಳಕ್ಕೇ ಬಂತು. ಮಗ ಒಬ್ಬನ ಕೊರಳಪಟ್ಟಿ ಹಿಡಿದದ್ದೂ ಆಯಿತು. ಮಗಳು ಎರಡು ತಿಂಗಳು ಶಾಲೆಗೆ ಹೋಗಲಿಲ್ಲ. ತಂದೆ ಕಳಿಸಿದ ವಾಯ್ಸ್ ಮೆಸೇಜುಗಳನ್ನು ರಾತ್ರಿ ಕಂಬಳಿಯ ಒಳಗೆ ಕೇಳುತ್ತ ಮಲಗುತ್ತಿದ್ದಳಂತೆ.

ದುರ್ಮರಣಕ್ಕೆ ಗೋಕರ್ಣದಲ್ಲಿ ನಾರಾಯಣಬಲಿ ಮಾಡಿಸಿದರು. ಅಜ್ಜಿಗೆ ಅದರಿಂದ ಸಮಾಧಾನ ಆಯಿತು. ಹುಡುಗಿಗೆ ಆಗಲಿಲ್ಲ. ಕಡೆಗೆ ಶಾಲೆಯ ಟೀಚರೊಬ್ಬರು 14416 ನಂಬರಿಗೆ ಫೋನು ಮಾಡಿಸಿದರು. ‘ಟೆಲಿ ಮಾನಸ್’ ಅಂತ 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಸೇವೆ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಂದ ಜಿಲ್ಲಾಸ್ಪತ್ರೆಯ ಡಾಕ್ಟರ ಹತ್ತಿರ ನಾಲ್ಕೈದು ಸಲ ಹೋಗಿಬಂದಳು. ಈಗ ಪಿಯುಸಿ ಓದುತ್ತಿದ್ದಾಳೆ. ‘ತಲೆ ಸರಿ ಇಲ್ಲದವರು ಹೋಗುವ ಜಾಗ’ ಅಂತ ನೆಂಟರು ಮೂಗು ಮುರಿದರು. ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಸತ್ತದ್ದಕ್ಕೆ ರುಜುವಾತು ಎಲ್ಲಿ?

ಬೊಜ್ಜ ಮುಗಿದ ಮೇಲೆ ಸುರುವಾಯಿತು ಕಾಗದದ ಕಾಟ. ಮಗ ಪಂಚಾಯತಿಗೆ ಹೋಗಿ ಮರಣಪತ್ರ ಕೇಳಿದ. ಕೊಡಲು ಬರುವುದಿಲ್ಲ ಅಂದರು. ಅವರದು ತಪ್ಪಲ್ಲ. ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಹೊರದೇಶದಲ್ಲಿ ಸತ್ತ ಭಾರತೀಯನ ನೋಂದಣಿ ಆಗುವುದು ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ. ಸುಟ್ಟದ್ದು ಇಲ್ಲಿಯಾದರೂ ಇಲ್ಲಿನ ಪುಸ್ತಕದಲ್ಲಿ ಅವರು ಸತ್ತಿಲ್ಲ! ಪೆಟ್ಟಿಗೆಯ ಜತೆ ಬಂದದ್ದು ಅರಬಿ ಕಾಗದದ ಜೆರಾಕ್ಸು ಮಾತ್ರ. ಕಾನ್ಸುಲೇಟಿನ ಅಸಲು ಪತ್ರ ಕೈಗೆ ಸಿಗಲು ಮತ್ತೆ ಮೂರು ತಿಂಗಳು ಓಡಾಟ.

ಬಂದ ಪತ್ರದಲ್ಲಿ ಇನ್ನೊಂದು ಪೇಚು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಪಹಣಿಯಲ್ಲಿ ಮನೆಹೆಸರು ಸೇರಿಸಿ ಮತ್ತೊಂದು. ಮೂವರೂ ಒಬ್ಬರೇ ಅಂತ ಅಫಿಡವಿಟ್ಟು ಮಾಡಿಸಿ, ನಾಡಕಚೇರಿಯಲ್ಲಿ ವಂಶವೃಕ್ಷ ತೆಗೆಸಿ, ಪೌತಿ ಖಾತೆಗೆ ಅರ್ಜಿ ಹಾಕುವಾಗ ವರ್ಷ ಕಳೆಯಿತು.

ದೊಡ್ಡಪ್ಪನ ಹೆಸರು

ದೊಡ್ಡ ಗಂಟು ಬಿದ್ದದ್ದು ಬ್ಯಾಂಕಿನಲ್ಲಿ. ತೀರಿಕೊಂಡವರ ಖಾತೆಗೆ ನಾಮಿನಿ ಯಾರು ಅಂತ ನೋಡಿದರೆ ಹೆಂಡತಿ ಅಲ್ಲ, ಅಣ್ಣ! ಮದುವೆಗೂ ಮುಂಚೆ ತೆರೆದ ಖಾತೆ. ಆಗ ಬರೆಸಿದ ಹೆಸರು ಆಮೇಲೆ ಯಾರೂ ಬದಲಿಸಲಿಲ್ಲ.

ದೊಡ್ಡಪ್ಪ ಕೆಟ್ಟವರಲ್ಲ. ತಮ್ಮನ ಮೊದಲ ವೀಸಾಕ್ಕೆ ದನ ಮಾರಿ ದುಡ್ಡು ಕೊಟ್ಟವರು ಅವರೇ. ‘ಬ್ಯಾಂಕಿನವರೇ ನನ್ನ ಹೆಸರು ಹೇಳುವಾಗ ನಾನು ಯಾಕೆ ಬಿಡಲಿ?’ ಅನ್ನುವುದು ಅವರ ವಾದ. ಇತ್ತ ಮಗನಿಗೆ ರೋಷ. ಒಂದೇ ಅಂಗಳದ ಎರಡು ಮನೆ, ಎಂಟು ತಿಂಗಳು ಮಾತಿಲ್ಲ. ಅಪ್ಪನನ್ನು ಹೊತ್ತ ಹೆಗಲುಗಳೇ ಒಂದಕ್ಕೊಂದು ಬೆನ್ನು ತಿರುಗಿಸಿದವು.

ಕುಂದಾಪುರದ ವಕೀಲರೊಬ್ಬರು ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ನಾಮಿನಿ ಅಂದರೆ ಬಾಗಿಲಲ್ಲಿ ಹಣ ಇಸಿದುಕೊಳ್ಳುವವ, ಅಷ್ಟೇ. ಮಾಲೀಕ ಅಲ್ಲ. ಇಸಿದುಕೊಂಡದ್ದನ್ನು ವಾರಸುದಾರರಿಗೆ ಕೊಡಬೇಕು. ವಿಮಾ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟು 1983ರಲ್ಲೇ ಇದನ್ನು ಹೇಳಿದೆ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ಮತ್ತೆ ಹೇಳಿದೆ. ವಿಲ್ಲು ಇಲ್ಲದೆ ಸತ್ತ ಹಿಂದೂ ಗಂಡಸಿಗೆ 1956ರ ಕಾನೂನಿನಂತೆ ಮೊದಲ ಸಾಲಿನ ವಾರಸುದಾರರು ಹೆಂಡತಿ, ಮಕ್ಕಳು, ತಾಯಿ. ಗಂಡುಮಗು ಹೆಣ್ಣುಮಗು ಭೇದ ಇಲ್ಲ. ಅಣ್ಣತಮ್ಮಂದಿರ ಸರದಿ ಇವರು ಯಾರೂ ಇಲ್ಲದಿದ್ದರೆ ಮಾತ್ರ. ಅಂದರೆ ಇಲ್ಲಿ ನಾಲ್ಕು ಪಾಲು, ತಲಾ ಕಾಲು.

‘ನಂಗೂ ಉಂಟಾ?’ ಅಂತ ಅಜ್ಜಿ ಕೇಳಿದರಂತೆ. ಅಷ್ಟು ಹೊತ್ತು ಅವರನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕೋರ್ಟಿನಲ್ಲಿ ಉತ್ತರಾಧಿಕಾರ ಪತ್ರಕ್ಕೆ ಅರ್ಜಿ ಬಿತ್ತು. ಆಕ್ಷೇಪಣೆ ಇದ್ದವರು ಹೇಳಿ ಅಂತ ಪೇಪರಿನಲ್ಲಿ ನೋಟೀಸು ಬಂತು. ದೊಡ್ಡಪ್ಪ ಹೋಗಲಿಲ್ಲ. ವೀಸಾದ ಹಳೇ ದುಡ್ಡನ್ನು ಬಡ್ಡಿ ಇಲ್ಲದೆ ತಿರುಗಿಸುವುದು ಅಂತ ಮನೆಯಲ್ಲೇ ಮಾತಾಯಿತು. ಹುಡುಗಿಯ ಪಾಲು ಅವಳ ಹೆಸರಿನಲ್ಲಿ ಠೇವಣಿ. ಅಪ್ರಾಪ್ತರ ಪಾಲಿನ ಜಾಗವನ್ನು ತಾಯಿಯೇ ಆದರೂ ಕೋರ್ಟಿನ ಅಪ್ಪಣೆ ಇಲ್ಲದೆ ಮಾರುವ ಹಾಗಿಲ್ಲ. ಇದು ಗೊತ್ತಿಲ್ಲದೆ ಕ್ರಯ ಮಾಡಿಕೊಂಡು ಆಮೇಲೆ ಅಲೆದವರು ಬೇಕಾದಷ್ಟಿದ್ದಾರೆ.

ಅಲ್ಲಿಯ ಲೆಕ್ಕವೇ ಬೇರೆ

ಇದು ಈಚೆ ದಡದ ಕತೆ. ಆಚೆ ದಡದಲ್ಲಿ ಅವರ ಸಂಬಳದ ಖಾತೆಗೆ, ಸಾವಿನ ಸುದ್ದಿ ಬ್ಯಾಂಕಿಗೆ ಮುಟ್ಟಿದ ಕೂಡಲೇ ಬೀಗ ಬಿತ್ತು. ಅದನ್ನು ತೆಗೆಯುವುದು ಅಲ್ಲಿನ ಕೋರ್ಟು ಮಾತ್ರ. ನಮ್ಮ ವಂಶವೃಕ್ಷ, ಮುಖ್ತಿಯಾರು ಪತ್ರ ಎಲ್ಲಕ್ಕೂ ನೋಟರಿ, ರಾಜ್ಯ ಸರಕಾರ, ವಿದೇಶಾಂಗ ಇಲಾಖೆ, ಆ ದೇಶದ ರಾಯಭಾರ ಕಚೇರಿ ಅಂತ ಮೊಹರಿನ ಮೇಲೆ ಮೊಹರು ಬೀಳಬೇಕು, ಆಮೇಲೆ ಅರಬಿಗೆ ಭಾಷಾಂತರ.

ಪಾಲಿನ ರೀತಿಯೂ ಬೇರೆ. ಮುಸ್ಲಿಮರಲ್ಲದವರಿಗಾಗಿ ಯುಎಇ ಮಾಡಿದ 41/2022ರ ಕಾನೂನು 2023ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಿಲ್ಲು ಇಲ್ಲದಿದ್ದರೆ ಅರ್ಧ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮ. ಮಕ್ಕಳಿದ್ದರೆ ತಾಯಿಗೆ ಇಲ್ಲ! ಒಬ್ಬನೇ ಮನುಷ್ಯ, ಇಲ್ಲಿನ ದುಡ್ಡಿಗೆ ನಾಲ್ಕು ವಾರಸುದಾರರು, ಅಲ್ಲಿನದಕ್ಕೆ ಮೂರೇ. ತಮ್ಮ ದೇಶದ ಕಾನೂನೇ ಬೇಕೆಂದು ವಾರಸುದಾರರು ಕೇಳಿಕೊಳ್ಳಲು ಅವಕಾಶ ಉಂಟು. ಅಜ್ಜಿಯ ಪಾಲು ತಪ್ಪಬಾರದು ಅಂತ ಸೊಸೆಯೇ ಹಾಗೆ ಬರೆಸಿದ್ದಾರೆ.

ಹೋಟೆಲಿನ ಗ್ರಾಚುಯಿಟಿ ಕೊನೆಗೂ ಬಂತು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನದಕ್ಕೆ 30 ದಿನದ ಮೂಲ ಸಂಬಳ ಅದರ ಲೆಕ್ಕ. ಸತ್ತ ಸುದ್ದಿ ತಿಳಿದ ಹತ್ತು ದಿನದಲ್ಲಿ ಕೊಡಬೇಕು ಅಂತ ನಿಯಮ. ಇವರಿಗೆ ಐದು ತಿಂಗಳು ಹಿಡಿಯಿತು. ನಮ್ಮ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷ ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದೆ ಹೋದವರಿಗೆ ಆ ವಿಮೆ ಕಡ್ಡಾಯ. ಇವರು ಪಾಸಾಗಿದ್ದರು, ಹಾಗಾಗಿ ಯಾರೂ ಮಾಡಿಸಲಿಲ್ಲ.

ಉಳಿದಿರುವ ಒಂದು ಸಹಿ

ರಕ್ತದ ಹಣ, ಅಂದರೆ ‘ದಿಯಾ’, ಕರಾವಳಿಯವರಿಗೆ ಹೊಸ ಶಬ್ದವಲ್ಲ. ಸೌದಿ ಜೈಲಿನಲ್ಲಿದ್ದ ಕೋಝಿಕ್ಕೋಡಿನ ಒಬ್ಬನ ಜೀವ ಉಳಿಸಲು 2024ರಲ್ಲಿ ಮಲಯಾಳಿಗಳು 34 ಕೋಟಿ ರೂಪಾಯಿ ಕೂಡಿಸಿದ್ದು ಎಲ್ಲರೂ ಓದಿದ್ದಾರೆ. ಅದು ಕೊಡುವವರ ಕಡೆಯ ಸುದ್ದಿ. ತೆಗೆದುಕೊಳ್ಳುವವರ ಜಗಲಿ ಹೇಗಿರುತ್ತದೆ ಅಂತ ಇಲ್ಲಿ ಬಂದು ನೋಡಬೇಕು.

ಕೊಲೆ ಕೇಸಿನಲ್ಲಿ ವಾರಸುದಾರರ ಮಾತಿಗೆ ಅಲ್ಲಿನ ಕೋರ್ಟಿನಲ್ಲಿ ತೂಕವಿದೆ. ಕ್ಷಮಿಸಬಹುದು, ದಿಯಾ ಪಡೆದು ಬಿಡಬಹುದು, ಒಪ್ಪದೆಯೂ ಇರಬಹುದು. ಕ್ಷಮಿಸಿದ ಮಾತ್ರಕ್ಕೆ ಆರೋಪಿ ಮರುದಿನವೇ ಹೊರಗೆ ಬರುವುದಿಲ್ಲ, ಸರಕಾರದ ಶಿಕ್ಷೆ ಬೇರೆ ಇರುತ್ತದೆ. ಆದರೆ ಜೀವ ಉಳಿಯುತ್ತದೆ. ಅಪ್ರಾಪ್ತರು ಇದ್ದರೆ ಪ್ರಾಯಕ್ಕೆ ಬರುವ ತನಕ ಕಾಯುವುದೂ ಉಂಟು.

ಆರೋಪಿಯ ಹೆಂಡತಿ ಒಂದು ದಿನ ಫೋನು ಮಾಡಿದಳು. ಅವಳಿಗೂ ಎರಡು ಸಣ್ಣ ಮಕ್ಕಳು.

‘ಬೈಯ್ಯೂಕಂತ್ಲೇ ಫೋನ್ ತೆಗ್ದೆ. ಅವ್ಳ್ ಮರ್ಕೂಕೆ ಸುರು ಮಾಡ್ದ್ಲ್. ನಾನೂ ಮರ್ಕ್ದೆ. ಅವ್ಳ್ ಭಾಷಿ ನಂಗ್ ಬತ್ತಿಲ್ಲೆ, ನನ್ ಭಾಷಿ ಅವ್ಳಿಗ್ ಬತ್ತಿಲ್ಲೆ’ ಎನ್ನುತ್ತಾರೆ ಈ ಹೆಂಗಸು.

ಅಜ್ಜಿ ಹೆಬ್ಬೆಟ್ಟು ಒತ್ತಲು ತಯಾರು. ‘ಅವ್ನ್ ಸತ್ರೆ ನನ್ ಮಗ ಬತ್ನಾ?’ ಅನ್ನುವುದು ಅವರ ಪ್ರಶ್ನೆ. ಮಗ ಖಡಾಖಂಡಿತ ಒಲ್ಲೆ ಅಂದಿದ್ದಾನೆ. ಅಪ್ಪನ ಹೆಸರಿನಲ್ಲಿ ಅಂಥ ದುಡ್ಡು ಮನೆಗೆ ಬಂದರೆ ಬಸ್‌ಸ್ಟ್ಯಾಂಡಿನ ಬಾಯಿಗೆ ಮತ್ತೆ ಅಕ್ಕಿಕಾಳು ಅಂತ ಅವನ ಹೆದರಿಕೆ. ತಾಯಿ ಎರಡರ ನಡುವೆ. ಹುಡುಗಿಯನ್ನು ಇನ್ನೂ ಯಾರೂ ಕೇಳಿಲ್ಲ. ಪ್ರಾಯಕ್ಕೆ ಬಂದ ದಿನ ಅವಳೂ ಸಹಿ ಹಾಕಬೇಕಾದವಳು ಅಂತ ಅವಳಿಗೆ ಗೊತ್ತಿದೆ. ಒತ್ತಾಯ ಮಾಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ, ಮನೆಯವರು ಪಾಲಿಸುತ್ತಿದ್ದಾರೆ.

ಮನೆಯಿಂದ ಯಾರಾದರೂ ಹೊರದೇಶದಲ್ಲಿದ್ದರೆ ಈ ಸಲ ರಜೆಗೆ ಬಂದಾಗ ನಾಚಿಕೆ ಬಿಟ್ಟು ನಾಲ್ಕು ಮಾತು ಕೇಳಿ. ಖಾತೆಗೆ ನಾಮಿನಿ ಯಾರು? ಪಾಸ್‌ಪೋರ್ಟು, ಆಧಾರು, ಪಹಣಿಯಲ್ಲಿ ಹೆಸರು ಒಂದೇ ಇದೆಯಾ? ವಿಮೆ ಇದೆಯಾ? ಒಂದು ಹಾಳೆಯ ವಿಲ್ಲು, ಎರಡು ಸಾಕ್ಷಿ ಆದೀತಾ? ‘ಅಪಶಕುನ ಮಾತಾಡಬೇಡ’ ಅಂತ ಬೈದಾರು, ಬೈಯಲಿ.

ಈ ಮನೆಯ ಮಗ ಈಗ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಕ್ರಮವಾಗಿ ಇಟ್ಟಿದ್ದಾನೆ. ಕಳೆದ ತಿಂಗಳು ಪಕ್ಕದೂರಿನಲ್ಲಿ ಇಂಥದೇ ಒಂದು ಸಾವು ಆದಾಗ ಆ ಮನೆಯವರು ಹುಡುಕಿಕೊಂಡು ಬಂದದ್ದು ಇವನನ್ನೇ. ಫೈಲು ಹಿಡಿದು ಬೈಕು ಹತ್ತಿ ಹೋದ. ಹೋಗುವಾಗ ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಇದ್ದರು.